ಪಟ್ಟಿ ಕಟ್ಟಿಕೊಳ್ಳುವ ಮುನ್ನ

ಅರ್ಜಿ ಕೊಡಲು ಇನ್ನೂ ನಾಲ್ಕು ದಿನ ಇತ್ತು. ನೀಲಾಂಬಿಕಾ ಹೂಗಾರ ಆಗಲೇ ಅದನ್ನು ಮೂರು ಸಲ ತುಂಬಿ ಮೂರು ಸಲ ಹರಿದಿದ್ದಳು. ನಾಲ್ಕನೆಯದು ಕಲ್ಲಹೊಳೆ ಪಂಪ್‌ಹೌಸಿನ ಕಂಟ್ರೋಲ್ ರೂಮಿನಲ್ಲಿ, ಅವಳ ಮೇಜಿನ ಖಾನೆಯೊಳಗಿತ್ತು. ಹತ್ತು ನಿಮಿಷಕ್ಕೊಮ್ಮೆ ಖಾನೆ ಎಳೆಯುವುದು, ನೋಡುವುದು, ಮುಚ್ಚುವುದು. ಎದುರಿಗೆ ಗೋಡೆ ತುಂಬ ಮೀಟರುಗಳಿದ್ದವು, ಆದರೆ ಅವಳ ಜೀವವೆಲ್ಲ ಆ ಖಾನೆಯಲ್ಲಿತ್ತು.

ಅದು ‘ತಿಂಗಳ ಕಾದಂಬರಿ’ ಸವಾಲಿಗೆ ಸೇರುವ ಅರ್ಜಿ. ಮೂವತ್ತು ದಿನ, ಐವತ್ತು ಸಾವಿರ ಪದ. ಹೆಸರು, ವಯಸ್ಸು, ಕೆಲಸ, ವಿಳಾಸ, ಹೀಗೆ ಎಂಟು ಕಲಮು ತುಂಬಲು ಯಾರಿಗೂ ಕಷ್ಟವಿಲ್ಲ. ಒಂಬತ್ತನೆಯದು ಮಾತ್ರ ಬೇರೆ. ‘ನೀವು ಯಾವ ನೆನಪನ್ನು ಆಧರಿಸಿ ಬರೆಯುತ್ತೀರಿ?’ ಅವಳು ಅಲ್ಲಿ ಒಂದು ಸಲ ತವರಿನ ಶಾಲೆ ಎಂದು ಬರೆದಳು, ಇನ್ನೊಂದು ಸಲ ಅಜ್ಜಿ ಹೂ ಕಟ್ಟುತ್ತಿದ್ದುದು ಎಂದು ಬರೆದಳು, ಮೂರನೆಯ ಸಲ ಮದುವೆ ಎಂದಳು. ಮೂರೂ ಸುಳ್ಳು. ಬರೆಯಬೇಕೆಂದು ಅವಳ ಕೈ ತುರಿಸುತ್ತಿದ್ದದ್ದು ಬೇರೆಯೇ ಒಂದು ಮಧ್ಯಾಹ್ನವನ್ನು.

ಐವತ್ತು ಸಾವಿರ ಪದ ಎಂದರೆ ಜನ ಹೆದರುವ ಕಾಲ ಹೋಗಿ ನಾಲ್ಕು ವರ್ಷವಾಗಿತ್ತು. ಎಲ್ಲ ಆ ಪಟ್ಟಿಯ ಮಹಿಮೆ. ಎರಡು ಬೆರಳಗಲದ ಬೂದು ಬಣ್ಣದ ಪಟ್ಟಿ, ಹಣೆಗೆ ಸುತ್ತಿಕೊಳ್ಳುವುದು. ನೆನಪು ಕಲ್ಲಿನ ಮೇಲೆ ಕೊರೆದ ಶಾಸನವಲ್ಲ, ಪ್ರತಿ ಸಲ ಅದನ್ನು ಹೊರಗೆ ತೆಗೆದಾಗಲೂ ಸ್ವಲ್ಪ ಹೊತ್ತು ಹಸಿಯಾಗಿ ಆಮೇಲೆ ಮತ್ತೆ ಗಟ್ಟಿಯಾಗುತ್ತದೆ ಎಂದು ವಿಜ್ಞಾನಿಗಳು ಹೇಳುತ್ತಿದ್ದರು. ಪಟ್ಟಿ ಮಾಡುವ ಕೆಲಸ ಇಷ್ಟೆ: ಆ ಹಸಿತನವನ್ನು ನಾಲ್ಕು ತಾಸು ಹಿಡಿದಿಡುವುದು. ಹಳೆಯ ದಿನ ಕಣ್ಣೆದುರು ಬಂದು ಕೂರುತ್ತದೆ, ವಾಸನೆ ಸಮೇತ, ಸದ್ದು ಸಮೇತ. ಬರೆಯಲು ಬಾರದವನೂ ದಿನಕ್ಕೆ ಎರಡು ಸಾವಿರ ಪದ ಬರೆದು ಬೆರಳು ನೆಟಿಗೆ ಮುರಿದು ಏಳುತ್ತಾನೆ.

ಆದರೆ ಹಸಿ ಮಣ್ಣು ಕೈಯಿಟ್ಟ ಆಕಾರದಲ್ಲೇ ಒಣಗುತ್ತದೆ. ಮೊದಲ ವರ್ಷ ಕಾದಂಬರಿ ಮುಗಿಸಿದವರಿಗೆ ತಾವು ಬರೆದದ್ದೇ ನಡೆದದ್ದು ಎಂದು ನೆನಪು ನಿಂತಿತು. ಒಂಟಿ ಮಗನಾಗಿ ಬೆಳೆದ ಮಾಸ್ತರರೊಬ್ಬರು ಕಥೆಯಲ್ಲಿ ಒಬ್ಬ ತಂಗಿಯನ್ನು ಬರೆದುಕೊಂಡಿದ್ದರು. ಈಗ ಪ್ರತಿ ನಾಗರಪಂಚಮಿಗೂ ಆಕೆ ತವರಿಗೆ ಬರಲಿಲ್ಲವಲ್ಲ ಎಂದು ಬಾಗಿಲಲ್ಲಿ ನಿಲ್ಲುತ್ತಾರೆ. ಸರಕಾರ ವಿಚಾರ ಮಾಡಿ, ಪಟ್ಟಿಯನ್ನು ನಿಲ್ಲಿಸುವ ಬದಲು ಒಂದು ಕಾಯ್ದೆ ಮಾಡಿತು: ಪಟ್ಟಿ ಕಟ್ಟಿಕೊಂಡವರ ಸಾಕ್ಷಿ ಯಾವ ಕೋರ್ಟಿನಲ್ಲೂ, ಯಾವ ತನಿಖೆಯಲ್ಲೂ ನಡೆಯುವುದಿಲ್ಲ. ಜನ ಒಗ್ಗಿಕೊಂಡರು. ಚಹದಂಗಡಿಯಲ್ಲಿ ಯಾರಾದರೂ ಬಡಾಯಿ ಕೊಚ್ಚಿದರೆ, ‘ಬಿಡೋ, ಅಂವ ಕಾದಂಬರಿಕಾರ’ ಎಂದು ನಕ್ಕು ಚಹ ಕುಡಿದರು. ಅರ್ಜಿಗಳು ಮಾತ್ರ ವರ್ಷದಿಂದ ವರ್ಷಕ್ಕೆ ಹೆಚ್ಚಿದವು. ಒಳ್ಳೆಯ ಕಾದಂಬರಿ ಬರೆಯಲಿಕ್ಕೆಂದು ಬರುವವರು ಎಷ್ಟು ಮಂದಿ, ಒಳ್ಳೆಯ ನೆನಪು ಬೇಕೆಂದು ಬರುವವರು ಎಷ್ಟು ಮಂದಿ ಎಂದು ಯಾರೂ ಕೇಳಲಿಲ್ಲ.

ಅವಳ ಗಂಡ ಈರಪ್ಪ ಹೋದ ವರ್ಷ ಬರೆದಿದ್ದ. ಮೋಟಾರಿಗೆ ತಂತಿ ಸುತ್ತುವ ಅಂಗಡಿಯವನು, ಹುಟ್ಟಿದಾಗಿನಿಂದ ಒಂದು ಪತ್ರ ಬರೆದವನಲ್ಲ.

ಮಂಗಳವಾರ ಸಂಜೆ ಅವನು ಬಚ್ಚಲಲ್ಲಿ ಕೂತು ಬೆನ್ನು ತಿಕ್ಕು ಎಂದು ಕರೆದ. ಅವಳು ಸೀರೆ ಮೇಲೆ ಸಿಕ್ಕಿಸಿಕೊಂಡು ಹೋದಳು. ಬಲ ಭುಜದ ಕೆಳಗೆ ಗೇಣುದ್ದದ ಕಲೆ, ಸೈಕಲ್ ಚೈನಿನ ಕೊಂಡಿಗಳ ಗುರುತು ಇವತ್ತಿಗೂ ಎಣಿಸಬಹುದು. ಮದುವೆಯಾದ ಮೂರನೇ ತಿಂಗಳಲ್ಲಿ ಅವನೇ ಅದನ್ನು ತೋರಿಸಿ ಅತ್ತಿದ್ದ. ತನಗೆ ಎಂಟು ವರ್ಷವಿದ್ದಾಗ ಅಪ್ಪ ಚೈನು ಬಿಚ್ಚಿ ಹೊಡೆದದ್ದು, ಅವ್ವ ಬಾಗಿಲು ಹಾಕಿಕೊಂಡು ಒಳಗೇ ಉಳಿದದ್ದು, ಎಲ್ಲ ಹೇಳಿದ್ದ.

‘ಈ ಕಲಿ ಹೆಂಗಾತು?’ ಎಂದಳು ನೀಲಾಂಬಿಕಾ. ಕೇಳಬಾರದು ಎಂದುಕೊಂಡೇ ಕೇಳಿದಳು.

‘ಎಷ್ಟ್ ಸಲ ಕೇಳ್ತಿ. ಬೇವಿನ ಗಿಡದಿಂದ ಬಿದ್ದಿದ್ದೆ. ಅಪ್ಪ ನನ್ನ ಹೊತ್ತಕೊಂಡು ದವಾಖಾನಿ ತನಕ ಓಡಿದ್ದ, ಕಾಲಾಗ ಚಪ್ಪಲ್ ಸುದ್ದಾ ಇರಲಿಲ್ಲ.’

‘ನಿಮ್ಮಪ್ಪ ಹೊಡೀತಿದ್ರಂತ ನೀವ ಹೇಳಿದ್ರಿ.’

‘ನಮ್ಮಪ್ಪ?’ ಈರಪ್ಪ ನಕ್ಕುಬಿಟ್ಟ. ‘ಇರುವಿ ಕಂಡ್ರ ದಾಟಿ ಹೋಗಾಂವ. ನೀ ಯಾರದೋ ಮನೀ ಸುದ್ದಿ ತಂದು ನಮ್ಮಪ್ಪಗ ಹಚ್ಚಬ್ಯಾಡ.’

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಈಗೀಗ ಅವನಿಗೆ ಸಿಟ್ಟೇ ಬರುವುದಿಲ್ಲ. ಮುಂಜಾನೆ ಅಪ್ಪನ ಫೋಟೋಕ್ಕೆ ಮಾಲೆ ಹಾಕುತ್ತಾನೆ, ಹಾಡು ಗುನುಗುತ್ತ ಅಂಗಡಿಗೆ ಹೋಗುತ್ತಾನೆ, ಹೊಟ್ಟೆ ತುಂಬ ಉಣ್ಣುತ್ತಾನೆ. ಆ ಹುಡುಗನಿಗೆ ಬಿದ್ದ ಏಟು ಈಗ ಲೋಕದಲ್ಲಿ ಉಳಿದಿರುವುದು ನೀಲಾಂಬಿಕಾಳ ತಲೆಯೊಳಗೆ ಮಾತ್ರ. ಇದು ಕೆಟ್ಟದ್ದೋ ಒಳ್ಳೆಯದೋ ಎಂದು ವರ್ಷದಿಂದ ಯೋಚಿಸಿದರೂ ಅವಳಿಗೆ ಬಗೆಹರಿದಿರಲಿಲ್ಲ. ಒಮ್ಮೊಮ್ಮೆ ಅವನ ಸುಖ ಕಂಡು ಹೊಟ್ಟೆ ಉರಿಯುತ್ತಿತ್ತು. ಅದಂತೂ ನಿಜ.

‘ನೀನೂ ಬರಿ,’ ಎಂದ ಅವನು ಮೈ ಒರೆಸಿಕೊಳ್ಳುತ್ತ. ‘ಆ ಅಪಘಾತ ಆದಾಗಿಂದ ನಿನ್ನ ಕುಂಡಿ ಒಂದ ಕಡೆ ನಿಂತಿಲ್ಲ. ಗ್ಯಾಸ್ ಬಂದ್ ಮಾಡೀನೋ ಇಲ್ಲೋ ಅಂತ ಮೂರು ಸಲ ನೋಡ್ತಿ, ಬಾಗಿಲಾ ಹಾಕಿ ಓಣಿ ತುದೀಗೆ ಹೋದಾಕಿ ತಿರುಗಿ ಬರ್ತಿ. ಮೊದಲ ಎಷ್ಟ್ ಛಲೋ ಕಥಿ ಬರೀತಿದ್ದಿ. ಬರದ್ರ ಎಲ್ಲಾ ಹಗುರ ಆಗ್ತದ.’

ಹಗುರವಾಗುತ್ತದೆ ಎನ್ನುವುದೇ ಅವಳ ಭಯವಾಗಿತ್ತು, ಆಸೆಯೂ ಆಗಿತ್ತು. ಅಪಘಾತದ ಬಗ್ಗೆ ಅವನಿಗೆ ಗೊತ್ತಿದ್ದದ್ದು ಊರಿಗೆಲ್ಲ ಗೊತ್ತಿದ್ದಷ್ಟೇ.

ಪಂಪ್‌ಹೌಸಿನಲ್ಲಿ ನಾಲ್ಕು ಪಂಪು, ಒಂದೊಂದರ ಬಾಯಿಗೂ ಕಬ್ಬಿಣದ ಜಾಲರಿ. ನದಿಯಲ್ಲಿ ತೇಲಿ ಬರುವ ಕಳೆಬಳ್ಳಿ ಜಾಲರಿಗೆ ಮೆತ್ತಿಕೊಂಡಾಗ ಮುಳುಗುಗಾರರು ನೀರಿಗಿಳಿದು ಕೀಳಬೇಕು. ಪಂಪು ಯಾವಾಗ ತಿರುಗಬೇಕೆಂದು ನಿರ್ಧರಿಸುವುದು ದೂರದ ಊರಿನ ಕಂಪ್ಯೂಟರು. ತಿರುಗುವ ಇಪ್ಪತ್ತು ಸೆಕೆಂಡು ಮೊದಲು ಕಂಟ್ರೋಲ್ ರೂಮಿನಲ್ಲಿ ಬಜರ್ ಹೊಡೆಯುತ್ತದೆ. ಕೆಳಗೆ ಮನುಷ್ಯರಿದ್ದರೆ ಆಪರೇಟರ್ ಕೆಂಪು ಗುಂಡಿ ಒತ್ತಿ ತಡೆಯಬೇಕು. ಕೆಳಗೆ ಮನುಷ್ಯನಿದ್ದಾನೆ ಎನ್ನಲು ಗುರುತು ಒಂದು ಹಿತ್ತಾಳೆ ಬಿಲ್ಲೆ. ಇಳಿಯುವವನು ಗೋಡೆಯ ಮೊಳೆಯಿಂದ ತನ್ನ ನಂಬರಿನ ಬಿಲ್ಲೆ ತೆಗೆದು ಆಪರೇಟರ ಮೇಜಿನ ಮೇಲಿಟ್ಟು ಹೋಗುತ್ತಾನೆ. ಅವನು ಮೇಲೆ ಬಂದ ಮೇಲೆ ಆಪರೇಟರ್ ತನ್ನ ಕೈಯಾರೆ ಅದನ್ನು ಮೊಳೆಗೆ ಹಾಕಬೇಕು. ಹಳಬರು ಮಾಡಿಕೊಂಡ ಪದ್ಧತಿ, ಅದನ್ನು ಮುರಿದವರಿರಲಿಲ್ಲ.

ಆರು ವರ್ಷದ ಹಿಂದೆ ಒಂದು ಮಧ್ಯಾಹ್ನ ಲಾಲಸಾಬ ನದಾಫ ಹನ್ನೊಂದನೇ ನಂಬರಿನ ಬಿಲ್ಲೆ ಇಟ್ಟು, ‘ಇಳೀತೀನ್ರಿ ಅಕ್ಕಾರ’ ಎಂದು ಹೋದ. ಅವನಷ್ಟು ನುರಿತ ಮುಳುಗುಗಾರ ಆ ದಂಡೆಯಲ್ಲೇ ಇರಲಿಲ್ಲ, ಉಳಿದವರಿಗೆ ಕಲಿಸಿದವನೇ ಅವನು. ನೀಲಾಂಬಿಕಾ ಆಗ ಕಥೆ ಬರೆಯುತ್ತಿದ್ದಳು. ಡ್ಯೂಟಿಯಲ್ಲಿ ಬರೆಯಬಾರದು, ಆದರೆ ಪಂಪು ಸುಮ್ಮನಿದ್ದಾಗ ಬರೆಯುತ್ತಿದ್ದಳು. ಬಿಲ್ಲೆ ನೋಟ್‌ಬುಕ್ಕಿನ ಕೆಳಗೆ ಹೋಗಿತ್ತು. ಬಜರ್ ಹೊಡೆಯಿತು. ಅವಳಿಗೆ ಕೇಳಿಸಿತು ಕೂಡ. ಕೈಯಲ್ಲಿದ್ದ ವಾಕ್ಯ ಬಲು ಚೆನ್ನಾಗಿ ಬರುತ್ತಿತ್ತು, ಅದೊಂದು ಮುಗಿಯಲಿ ಎಂದುಕೊಂಡಳು. ಕೆಂಪು ಗುಂಡಿಯ ಮೇಲೆ ಅವಳ ಬೆರಳು ಬಿದ್ದಾಗ ಪಂಪು ಒಂದು ಸುತ್ತು ತಿರುಗಿಯಾಗಿತ್ತು.

ಲಾಲಸಾಬನನ್ನು ನಾಲ್ಕು ಜನ ಹೊತ್ತು ತಂದರು. ಬಲಗೈ ಮೊಣಕೈಯಿಂದ ಕೆಳಗೆ ಇರಲಿಲ್ಲ. ಮನುಷ್ಯ ಮೇಲೆ ಬಂದ, ಅವಳ ಕೈ ರೂಢಿಯಂತೆ ನೋಟ್‌ಬುಕ್ ಸರಿಸಿ ಬಿಲ್ಲೆ ತೆಗೆದು ಮೊಳೆಗೆ ಹಾಕಿತು. ಹನ್ನೆರಡು ವರ್ಷ ದಿನಾ ಮಾಡಿದ ಕೆಲಸವನ್ನು ಕೈ ಅಂದೂ ಮಾಡಿತ್ತು. ಸಂಜೆ ತನಿಖೆಗೆ ಬಂದವರು ಮೊಳೆಯ ಮೇಲೆ ನೇತಾಡುವ ಹನ್ನೊಂದನೇ ಬಿಲ್ಲೆಯನ್ನು ಕಂಡರು. ‘ಮೇಜಿನ ಮೇಲೆ ಬಿಲ್ಲೆ ಇರಲಿಲ್ಲವೇ?’ ಎಂದು ಕೇಳಿದರು. ಅವಳು, ‘ಕಾಣಲಿಲ್ಲ’ ಎಂದಳು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಆ ಒಂದು ಮಾತು ವರದಿಯಲ್ಲಿ ‘ಬಿಲ್ಲೆ ಇಡದೆ ಇಳಿದಿದ್ದಾನೆ’ ಎಂದಾಯಿತು. ಅಂದಿನಿಂದ ಹೊಸ ಮುಳುಗುಗಾರರಿಗೆ ಮೊದಲನೇ ಪಾಠವೇ ‘ನದಾಫನ ತಪ್ಪು’. ಲಾಲಸಾಬ ಈಗ ಹೆಂಡತಿ ಬೀಬಿಜಾನಳ ಜೊತೆ ಗಾದಿ ಮಾಡುತ್ತಾನೆ. ಅವನು ಎಡಗೈಯಿಂದ ಅರಳೆ ತುಂಬುತ್ತಾನೆ, ಅವಳು ಹೊಲಿಯುತ್ತಾಳೆ. ನೀಲಾಂಬಿಕಾ ಆ ಓಣಿಯನ್ನು ಬಿಟ್ಟು ಸುತ್ತು ಹಾಕಿ ಮನೆಗೆ ಹೋಗುತ್ತಾಳೆ. ಆಮೇಲೆ ಅವಳು ಒಂದು ಸಾಲು ಬರೆದಿಲ್ಲ.

ಗುರುವಾರ ರಜೆ ಹಾಕಿ ಬರವಣಿಗೆ ಕೇಂದ್ರಕ್ಕೆ ಹೋದಳು. ಹಳೆಯ ಹತ್ತಿ ಗಿರಣಿಯನ್ನು ಸುಣ್ಣ ಬಳಿದು ಕೇಂದ್ರ ಮಾಡಿದ್ದರು. ಸಾಲಾಗಿ ಮೇಜು, ಒಂದೊಂದು ಮೇಜಿಗೂ ಒಂದೊಂದು ಪರದೆ. ತಂತ್ರಜ್ಞೆ ರೇಣುಕಾ ಪತ್ತಾರ ಚುರುಕಿನ ಹೆಂಗಸು, ದಿನಕ್ಕೆ ಇಂಥ ಐವತ್ತು ಅನುಮಾನದವರನ್ನು ನೋಡಿದವಳು.

‘ನಡೆದಿದ್ದನ್ನ ಬ್ಯಾರೇ ಥರ ಬರದ್ರ ನಡೀತದೇನ್ರಿ?’ ಎಂದಳು ನೀಲಾಂಬಿಕಾ.

‘ಬ್ಯಾರೇ ಥರ ಬರದ್ರನ ಅದು ಕಾದಂಬರಿ. ಇದ್ದದ್ದ ಬರದ್ರ ಪೊಲೀಸ್ ಪಂಚನಾಮೆ ಆಗ್ತದ,’ ಎಂದು ರೇಣುಕಾ ನಕ್ಕಳು. ‘ಹತ್ತು ನಿಮಿಷ ಕಟ್ಟಿ ನೋಡ್ರಿ. ಪುಕ್ಕಟ. ಹತ್ತು ನಿಮಿಷಕ್ಕ ಕಾಯ್ದೆ ಹತ್ತೂದಿಲ್ಲ. ಇವತ್ತ ಮುಂಜಾನಿದು ಯಾವುದರೆ ಸಣ್ಣ ಸಂಗತಿ ತಗೋರಿ, ಒಂದೀಟು ತಿದ್ದಿ ಬರೀರಿ.’

ನೀಲಾಂಬಿಕಾ ಪಟ್ಟಿ ಕಟ್ಟಿಕೊಂಡಳು. ಹಣೆಯ ಮೇಲೆ ಸಣ್ಣ ಬಿಸಿ ಹತ್ತಿತು. ಮುಂದೆ ಏನಾಯಿತೋ ಅವಳಿಗೆ ಸರಿಯಾಗಿ ತಿಳಿಯಲಿಲ್ಲ. ಅಡುಗೆಮನೆ ಕಣ್ಣ ಮುಂದೆ ನಿಂತಿತ್ತು, ಅವಳು ಅರ್ಧ ಹಾಳೆ ಬರೆದು ಎದ್ದಳು. ಮೈಯೆಲ್ಲ ಸಲೀಸಾದ ಹಾಗಿತ್ತು. ಆರು ವರ್ಷದ ಮೇಲೆ ಕೈಯಲ್ಲಿ ಪೆನ್ನು ಹರಿದಾಡಿತ್ತು, ಅದರ ಖುಷಿಗೆ ಕಣ್ಣಲ್ಲಿ ನೀರು ಬಂತು.

ಮನೆಗೆ ಬಂದು ಊಟಕ್ಕೆಂದು ಬುಟ್ಟಿ ತೆರೆದರೆ ತಳದಲ್ಲಿ ಮೂರು ರೊಟ್ಟಿ ಸುಟ್ಟು ಕರಕಲಾಗಿದ್ದವು. ಅವಳಿಗೆ ಸಿಟ್ಟು ಬಂತು. ಮುಂಜಾನೆ ತಾನು ಬಡಿದ ರೊಟ್ಟಿ ಒಂದೊಂದೂ ಪೂರಿಯಂತೆ ಉಬ್ಬಿದ್ದು, ಈರಪ್ಪ ಮೆಚ್ಚಿ ಇನ್ನೊಂದು ಹಾಕಿಸಿಕೊಂಡದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಇವನ್ನು ಸುಟ್ಟವರು ಯಾರು? ಪಕ್ಕದ ಮನೆಯವರು ತಂದಿಟ್ಟರೇ? ಚೀಲದಿಂದ ಆ ಅರ್ಧ ಹಾಳೆ ತೆಗೆದು ಓದಿದಳು. ಅದರಲ್ಲಿ ಉಬ್ಬಿದ ರೊಟ್ಟಿ ಇತ್ತು, ಈರಪ್ಪನ ಮೆಚ್ಚುಗೆ ಇತ್ತು. ತಲೆಯೊಳಗೆ ಎಷ್ಟು ತಡಕಿದರೂ ಕರಕಲು ವಾಸನೆ ಸಿಗಲಿಲ್ಲ. ರೊಟ್ಟಿ ಕೈಯಲ್ಲಿ ಹಿಡಿದುಕೊಂಡು ಅಡುಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಅಡುಗೆಮನೆಗೆ ಎಷ್ಟು ಸಲ ಓಡಾಡಿದಳೋ.

ಹೆದರಬೇಕಿತ್ತು, ಹೆದರಿದಳು ಕೂಡ. ಆದರೆ ಹೆದರಿಕೆಯ ಬೆನ್ನಿಗೇ ಇನ್ನೊಂದು ಯೋಚನೆ ಬಂತು. ಇಷ್ಟು ಸುಲಭವೇ? ಮೂವತ್ತು ದಿನ ಕೂತರೆ ಸಾಕು. ಬಜರ್ ಹೊಡೆಯುತ್ತದೆ, ಆಪರೇಟರ್ ಪೆನ್ನು ಎಸೆದು ಕೆಂಪು ಗುಂಡಿ ಒತ್ತುತ್ತಾಳೆ, ಮುಳುಗುಗಾರ ಎರಡೂ ಕೈಯಲ್ಲಿ ತಲೆ ಒರೆಸಿಕೊಳ್ಳುತ್ತ ಮೇಲೆ ಬಂದು ಚಹ ಕೇಳುತ್ತಾನೆ. ತಿಂಗಳ ಕೊನೆಗೆ ಅವಳು ಅದನ್ನು ಕಂಡವಳಾಗಿರುತ್ತಾಳೆ. ಲಾಲಸಾಬನಿಗೆ ಹೋದ ಕೈಯಂತೂ ಯಾರು ಏನು ಬರೆದರೂ ಬರುವುದಿಲ್ಲ. ಇನ್ನು ಅವನ ಹೆಸರು. ಬಿಲ್ಲೆ ಇಟ್ಟದ್ದನ್ನು ಕಂಡ ಕಣ್ಣು ಅವಳದೊಂದೇ. ಪಟ್ಟಿ ಕಟ್ಟಿಕೊಂಡರೆ ಆ ಸಾಕ್ಷಿ ಹೋಯಿತು. ನಾಳೆ ಬುದ್ಧಿ ಬಂದು ಹೇಳುತ್ತೇನೆಂದರೂ ಕೇಳುವವರಿಲ್ಲ, ಹೇಳಲು ಅವಳಿಗೆ ನೆನಪೂ ಇರುವುದಿಲ್ಲ. ಆರು ವರ್ಷ ಹೇಳದವಳು ಇನ್ನು ಮುಂದೆ ಹೇಳುತ್ತೇನೆಯೇ ಎಂದು ತನ್ನನ್ನೇ ಕೇಳಿಕೊಂಡಳು. ಇಲ್ಲ ಎಂಬ ಉತ್ತರ ಬಂದಾಗ ಅವಳಿಗೆ ನಾಚಿಕೆಯಾಯಿತು, ಸಮಾಧಾನವೂ ಆಯಿತು. ಮೇಜಿನ ಖಾನೆಯಿಂದ ಮನೆಗೆ ತಂದುಕೊಂಡಿದ್ದ ಅರ್ಜಿಯ ಒಂಬತ್ತನೆಯ ಕಲಮಿನಲ್ಲಿ, ‘ಆರು ವರ್ಷದ ಹಿಂದಿನ ಒಂದು ಮಧ್ಯಾಹ್ನ’ ಎಂದು ಬರೆದಳು. ಈ ಸಲ ಹರಿಯಲಿಲ್ಲ.

ಶುಕ್ರವಾರ ಐದು ಗಂಟೆಗೆ ಅರ್ಜಿ ತೆಗೆದುಕೊಳ್ಳುವ ಕಿಟಕಿ ಮುಚ್ಚುತ್ತದೆ. ಅವಳು ಕೇಂದ್ರಕ್ಕೆ ಹೋದಾಗ ಮೂರೂವರೆ. ಸರದಿ ಗೇಟಿನ ತನಕ ಬಂದಿತ್ತು. ಅವಳು ಹೋಗಿ ನಿಂತು ಉಸಿರು ಬಿಡುವುದರೊಳಗೆ ಮುಂದಿದ್ದ ಹೆಂಗಸು ಹಿಂತಿರುಗಿ ನೋಡಿದಳು. ಬೀಬಿಜಾನ್. ಅವಳ ಪಕ್ಕದಲ್ಲಿ ಲಾಲಸಾಬ ಅರ್ಜಿಯನ್ನು ಗೋಡೆಗೆ ಒತ್ತಿ ಹಿಡಿಯಲು ಒದ್ದಾಡುತ್ತಿದ್ದ. ತಪ್ಪಿಸಿಕೊಂಡು ಹೋಗಲು ದಾರಿ ಇರಲಿಲ್ಲ, ಹಿಂದೆ ಆಗಲೇ ಹತ್ತು ಜನ ನಿಂತಿದ್ದರು.

‘ಛಲೋ ಆತು, ಅಕ್ಕಾರ ಬಂದ್ರು,’ ಎಂದ ಲಾಲಸಾಬ. ಅವಳ ಮೇಲೆ ಅವನಿಗೆ ಎಂದೂ ಸಿಟ್ಟಿರಲಿಲ್ಲ. ಅದೇ ಅವಳಿಗೆ ಮುಳ್ಳು. ‘ನನ್ನ ಎಡಗೈ ಅಕ್ಷರ ಓದಾಕ ಬರೂದಿಲ್ಲ ಅಂತ ಎರಡ ಸಲ ತಿರುಗಿ ಕೊಟ್ರು. ಆಕೀಗೆ ಬರಿಯಾಕ ಬರೂದಿಲ್ಲ. ನೀವರೆ ತುಂಬಿ ಕೊಡ್ರಿ.’

ಅವಳು ಅರ್ಜಿ ಈಸಿಕೊಂಡಳು. ಹೆಸರು ಲಾಲಸಾಬ ನದಾಫ. ವಯಸ್ಸು ಐವತ್ತೊಂದು. ಕೆಲಸ ಗಾದಿ ಮಾಡುವುದು. ಎಂಟು ಕಲಮು ಮುಗಿಯಿತು. ‘ಯಾವ ನೆನಪು?’ ಎಂದು ಕೇಳಿದಳು.

‘ಅದ, ಕೈ ಹೋದ ದಿನದ್ದು.’ ಲಾಲಸಾಬ ತುಸು ಸಂಕೋಚದಿಂದ ನಕ್ಕ. ‘ಬಿಲ್ಲೆ ಇಡಲಿಲ್ಲ ಅಂತ ಬರೀಬೇಕ್ರಿ.’

‘ಇಡಲಿಲ್ಲ ಅಂತ?’

‘ಹೂಂನ್ರಿ. ಎಲ್ಲಾರೂ ಇಡಲಿಲ್ಲ ಅಂತಾರ. ಸಾಹೇಬರು ಅಂದ್ರು, ವರದಿಯೊಳಗ ಬಂತು, ನಾ ಕಲಿಸಿದ ಮಂದಿನೂ ಹಂಗ ಅಂತಾರ. ಆದರ ನನಗ ಇಟ್ಟಂಗ ನೆನಪ್ರಿ. ಮೇಜಿನ ಮ್ಯಾಲ ಠಣ್ ಅಂತ ಸಪ್ಪಳ ಆಗಿದ್ದು ಸುದ್ದಾ ಕೇಳಿದಂಗ ಆಗ್ತದ. ಆರು ವರ್ಷ ಆತು, ಇಟ್ಟಿದ್ನೋ ಇಲ್ಲೋ, ಇಟ್ಟಿದ್ನೋ ಇಲ್ಲೋ. ಗಾದಿ ತುಂಬಾಕತ್ತಿದಾಗೂ ಅದ, ನಮಾಜಿಗೆ ನಿಂತಾಗೂ ಅದ. ಇಷ್ಟ್ ಮಂದಿ ಸುಳ್ಳ ಹೇಳ್ತಾರೇನ್ರಿ? ನನ್ನ ತಲೀನ ಸುಳ್ಳ ಹೇಳಾಕತ್ತೈತಿ. ಆ ಸುಳ್ಳ ನೆನಪು ಕಿತ್ತ ಒಗದ್ರ ಸಾಕು, ನನ್ನ ತಪ್ಪು ನಾ ಒಪ್ಪಕೊಂಡು ಸುಮ್ಮನ ಇರ್ತೀನಿ.’

ಪೆನ್ನು ಹಾಳೆಯ ಮೇಲೆ ಒಂದು ಚುಕ್ಕೆ ಇಟ್ಟು ನಿಂತಿತು. ಅವನು ತನ್ನ ನೆನಪು ಅಳಿಸಿಕೊಳ್ಳಲು ಬಂದಿದ್ದಾನೆ, ತಾನು ತನ್ನದು. ಇಬ್ಬರೂ ಒಂದೇ ಸರದಿ. ನಾಳೆಯಿಂದ ಮೂವತ್ತು ದಿನ ಇಬ್ಬರೂ ಪರದೆಯ ಆಚೆ ಈಚೆ ಕೂತು ಬರೆದರೆ, ಹನ್ನೊಂದನೇ ಬಿಲ್ಲೆ ಮೇಜಿನ ಮೇಲಿತ್ತು ಎಂಬುದನ್ನು ಬಲ್ಲವರು ಭೂಮಿಯ ಮೇಲೆ ಯಾರೂ ಇರುವುದಿಲ್ಲ. ಈಗಲೂ ಸುಮ್ಮನಿರಬಹುದಿತ್ತು. ‘ಇಡಲಿಲ್ಲ’ ಎಂದು ಬರೆಯಲು ಎಷ್ಟು ಹೊತ್ತು?

‘ಇಟ್ಟಿದ್ರಿ,’ ಎಂದಳು.

‘ಏನ್ರಿ?’

‘ಬಿಲ್ಲೆ ಇಟ್ಟಿದ್ರಿ, ಲಾಲಸಾಬಣ್ಣ. ನಾ ಕಂಡೀನಿ.’

ಲಾಲಸಾಬ ಅವಳ ಮುಖವನ್ನೇ ನೋಡಿದ. ಆಮೇಲೆ ಗೋಡೆಗೆ ಬೆನ್ನು ಕೊಟ್ಟು ನಿಧಾನವಾಗಿ ಕುಕ್ಕರಗಾಲಲ್ಲಿ ಕೂತ. ಬೀಬಿಜಾನ್ ಮಾತ್ರ ಕದಲಲಿಲ್ಲ. ‘ಪೂರಾ ಹೇಳ್ರಿ,’ ಎಂದಳು ಅವಳು. ನೀಲಾಂಬಿಕಾ ಹೇಳಿದಳು. ಬಜರ್ ಕೇಳಿಸಿದ್ದು, ವಾಕ್ಯ ಮುಗಿಸಿದ್ದು, ಬಿಲ್ಲೆ ಮೊಳೆಗೆ ಹಾಕಿದ್ದು, ಕಾಣಲಿಲ್ಲ ಎಂದದ್ದು. ಸರದಿಯವರು ಒಬ್ಬೊಬ್ಬರಾಗಿ ಹತ್ತಿರ ಬಂದರು. ಹೇಳಿ ಮುಗಿಸಿದ ಮೇಲೆ ಬೈಯುತ್ತಾರೆ, ಹೊಡೆದರೂ ಹೊಡೆಯಲಿ ಎಂದು ಕಾದಳು.

‘ಆರು ವರ್ಷ ನಾನೂ ಇವರನ್ನ ಬೈದೀನಿ,’ ಎಂದಳು ಬೀಬಿಜಾನ್. ಅಷ್ಟು ಹೇಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಲಾಲಸಾಬ ಎದ್ದ. ಅವನ ಕಣ್ಣು ಕೆಂಪಾಗಿದ್ದವು, ದನಿ ಮಾತ್ರ ಮೆತ್ತಗಿತ್ತು. ‘ನಡೀರಿ ಪಂಪ್‌ಹೌಸಿಗೆ. ಇವತ್ತ ಹೊಸ ಮುಳುಗುಗಾರರದ ತರಬೇತಿ ಐತಿ. ಐದರ ತನಕ ಇರ್ತಾರ. ನನ್ನ ಹೆಸರು ತಗೊಂಡು ಪಾಠ ಮಾಡ್ತಾರಲ್ಲ, ಅಲ್ಲಿ ಹೇಳ್ರಿ.’

ಟಂಟಂ ಗಾಡಿಯಲ್ಲಿ ಮೂವರೂ ಒಂದೇ ಸೀಟಿನಲ್ಲಿ ಒತ್ತಿ ಕೂತು ಹೋದರು. ಕೆಲಸ ಹೋಗುತ್ತದೆ, ಕೇಸೂ ಆಗಬಹುದು, ಈರಪ್ಪನಿಗೆ ಏನು ಹೇಳುವುದು ಎಂದೆಲ್ಲ ನೀಲಾಂಬಿಕಾ ಯೋಚಿಸಿದಳು. ತನ್ನ ಅರ್ಜಿ ಎಲ್ಲಿ ಬಿತ್ತೋ ಅವಳಿಗೆ ಗೊತ್ತಾಗಲಿಲ್ಲ.

ತರಬೇತಿ ಕೋಣೆಯಲ್ಲಿ ಇಪ್ಪತ್ತು ಜನ ಬೆಂಚಿನ ಮೇಲಿದ್ದರು. ಹಲಗೆಯ ಮೇಲೆ ‘ನದಾಫನ ತಪ್ಪು’ ಎಂದು ಬರೆದಿತ್ತು. ಪಾಠ ಮಾಡುತ್ತಿದ್ದ ಎಂಜಿನಿಯರು ಲಾಲಸಾಬನನ್ನು ಕಂಡು ಸೀಮೆಸುಣ್ಣ ಕೆಳಗಿಟ್ಟರು. ಅವಳು ಮುಂದೆ ಹೋಗಿ ನಿಂತಳು. ಲಾಲಸಾಬ ಬಾಗಿಲ ಹತ್ತಿರದ ಕಂಬಕ್ಕೆ ಒರಗಿದ.

‘ಅವತ್ತ ಡ್ಯೂಟಿ ಮ್ಯಾಲ ಇದ್ದಾಕಿ ನಾನು,’ ಎಂದು ಶುರು ಮಾಡಿದಳು. ‘ಇವರು ಬಿಲ್ಲೆ ಇಟ್ಟು, ಇಳೀತೀನಿ ಅಂತ ಹೇಳಿ ಹೋದ್ರು. ಬಿಲ್ಲೆ ನನ್ನ ನೋಟ್‌ಬುಕ್ಕಿನ ಕೆಳಗ ಹೋಗಿತ್ತು...’

‘ಬಿಲ್ಲೆಗೆ ಕಾಲಿಲ್ರಿ, ಅಕ್ಕಾರ,’ ಎಂದ ಲಾಲಸಾಬ.

ಯಾವ ಪಟ್ಟಿಯೂ ಇಲ್ಲದೆ, ಆರು ವರ್ಷ ದಿನಕ್ಕಿಷ್ಟರಂತೆ ತಾನು ಕಾದಂಬರಿ ಬರೆಯುತ್ತಲೇ ಬಂದಿದ್ದೇನೆಂದು ನೀಲಾಂಬಿಕಾಳಿಗೆ ಆಗ ಹೊಳೆಯಿತು.

‘ನಾನ ನನ್ನ ಕೈಯಾರೆ ನೋಟ್‌ಬುಕ್ ತಗೊಂಡು ಆ ಬಿಲ್ಲೆದ ಮ್ಯಾಲ ಇಟ್ಟೆ,’ ಎಂದಳು.

‘ಹೂಂ,’ ಎಂದ ಲಾಲಸಾಬ. ‘ಮುಂದ ಹೇಳ್ರಿ.’